ಯಾವುದಕ್ಕೂ ಕಟ್ಟದ ಹಗ್ಗ

ಡಿಜೆ ಅಂದರೆ ಗಂಡಸು ಎಂದು ನಮ್ಮ ಕಡೆ ಯಾರು ತೀರ್ಮಾನ ಮಾಡಿದರೋ ನನಗೆ ಗೊತ್ತಿಲ್ಲ. ಫೋನ್ ಎತ್ತಿದ ಕೂಡಲೇ "ಡಿಜೆಯವ್ರಿಗೆ ಒಂಚೂರ್ ಫೋನ್ ಕೊಡಿ ಕಾಂಬ" ಅನ್ನುತ್ತಾರೆ. ನಾನೇ ಡಿಜೆ ಅನ್ನುತ್ತೇನೆ. ಅವರು ಪಕ್ಕದವರಿಗೆ ಹೇಳುವುದು ನನಗೂ ಕೇಳಿಸುತ್ತದೆ: "ಹೆಣ್ಣ್ ಅಂಬ್ರ್!" ತಲ್ಲೂರಿನವರೊಬ್ಬರು "ಅಷ್ಟ್ ದೊಡ್ಡ ಸೌಂಡ್ ಬಾಕ್ಸ್ ನೀವ್ ಎತ್ತೂದ್ ಹ್ಯಾಂಗೆ?" ಎಂದು ಕೇಳಿದ್ದರು. "ನಿಮ್ಮನಿ ಹೆಂಗ್ಸ್ರ್ ನೀರಿನ ಕೊಡಪಾನ ಎತ್ತೂದ್ ಹ್ಯಾಂಗೆ? ಹಾಂಗೇ" ಅಂದೆ. ಆ ಕಾರ್ಯಕ್ರಮ ಕೈತಪ್ಪಿತು. ತಪ್ಪಲಿ.

ನಮ್ಮ ಮನೆ ತ್ರಾಸಿಯಲ್ಲಿ, ಹೆದ್ದಾರಿಗೂ ಕಡಲಿಗೂ ನಡುವೆ. ಅಮ್ಮ ಮೀನು ಮಾರುತ್ತಾಳೆ. ಅಪ್ಪ ಕೈರಂಪಣಿಯವ, ಅಂದರೆ ದಡದಿಂದ ಕೈಯಲ್ಲೇ ದೊಡ್ಡ ಬಲೆ ಎಳೆಯುವವ. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಸುತ್ತು ಬಳಸಿ ಬಿಟ್ಟು ಬಂದ ಮೇಲೆ, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯಬೇಕು. ಎಲ್ಲರೂ ಒಟ್ಟಿಗೆ ಎಳೆಯದಿದ್ದರೆ ಬಲೆ ಅಲುಗುವುದಿಲ್ಲ. ಒಟ್ಟಿಗೆ ಎಳೆಸುವುದಕ್ಕೆ ಒಬ್ಬ ಕೂಗು ಕೊಡುತ್ತಾನೆ. ಅವನು "ಹೋ..." ಎಂದು ಎಳೆದೆಳೆದು ಹೇಳುವಾಗ ಎಲ್ಲರೂ ಹಿಮ್ಮಡಿಯನ್ನು ಮರಳಿಗೆ ಊರಿ ಕಾಯಬೇಕು, "ಹೈಸಾ!" ಅಂದ ಕೂಡಲೇ ಇದ್ದ ಬಲವನ್ನೆಲ್ಲ ಹಾಕಿ ಎಳೆಯಬೇಕು. ನಮ್ಮ ತಂಡದಲ್ಲಿ ಆ ಕೂಗು ಅಪ್ಪನದು. ಚಿಕ್ಕವಳಿದ್ದಾಗ ನಾನೂ ಹಗ್ಗದ ಬಾಲ ಹಿಡಿದು ಎಳೆದವಳೇ. ನಮ್ಮ ದಡದಲ್ಲಿ ಹೆಂಗಸರು ಹಗ್ಗ ಹಿಡಿಯಬಹುದು, ಬುಟ್ಟಿ ಹೊರಬಹುದು, ಕೂಗು ಮಾತ್ರ ಕೊಡಬಾರದು. ಯಾಕೆ ಅಂತ ಕೇಳಿದರೆ "ಇಲ್ಲೆ, ಅಷ್ಟೇ" ಎನ್ನುವುದೇ ಉತ್ತರ.

ಓದು ಮುಗಿದ ಮೇಲೆ ಎರಡು ವರ್ಷ ಮುಂಬೈಯಲ್ಲಿ ಸೋದರಮಾವನ ಮನೆಯಲ್ಲಿದ್ದೆ. ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವ ಕೆಲಸ. ಅಂಗಡಿಯ ಹಿಂದಿನ ಗೋಡೌನಿನಲ್ಲಿ, ರಿಪೇರಿಗೆ ಬಂದ, ಹಾಡು ಬೆರೆಸುವ ಕನ್ಸೋಲಿನ ಮೇಲೆ ಕೈಯಾಡಿಸುತ್ತಾ ಡಿಜೆ ಕೆಲಸ ಕಲಿತೆ. ಎಲೆಕ್ಟ್ರಾನಿಕ್ ಹಾಡಿನಲ್ಲಿ ಒಂದು ಕಟ್ಟು ಇರುತ್ತದೆ. ಮೊದಲು ಸದ್ದನ್ನು ಮೇಲೆ ಮೇಲೆ ಏರಿಸುತ್ತಾ ಕುಣಿಯುವವರನ್ನು ಕಾಯಿಸುವುದು, ಆಮೇಲೆ ಒಂದು ಕ್ಷಣ ಎಲ್ಲ ನಿಲ್ಲಿಸಿ, ಬಾಸನ್ನು, ಅಂದರೆ ಎದೆಗೆ ಬಡಿಯುವ ತಗ್ಗಿನ ಸದ್ದನ್ನು, ಒಮ್ಮೆಲೇ ಬಿಡುವುದು. ಆ ಬಿಡುವುದಕ್ಕೆ ಡ್ರಾಪ್ ಅನ್ನುತ್ತಾರೆ. ಅಲ್ಲಿಯ ಹುಡುಗರು ಇದನ್ನು ಏನೋ ದೊಡ್ಡ ವಿದ್ಯೆಯ ಹಾಗೆ ಹೇಳಿಕೊಡುತ್ತಿದ್ದರು. ನನಗೆ ನಗು ಬಂತು. ನಮ್ಮಪ್ಪ ದಿನಾ ಬೆಳಿಗ್ಗೆ ಲುಂಗಿ ಕಟ್ಟಿಕೊಂಡು ಮಾಡುತ್ತಿದ್ದದ್ದು ಇದನ್ನೇ.

ಊರಿಗೆ ಬಂದು ಸ್ವಂತ ಕನ್ಸೋಲ್ ಇಟ್ಟುಕೊಂಡೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಅಂತ ಮದುವೆಯ ಹಿಂದಿನ ರಾತ್ರಿಯ ಮೆಹಂದಿ ಕಾರ್ಯಕ್ರಮಗಳಿಗೆ ಹೋಗತೊಡಗಿದೆ. ಒಂದು ದಿನ ಬೆಳಿಗ್ಗೆ ದಡಕ್ಕೆ ಹೋಗಿ ಅಪ್ಪನ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಅಪ್ಪನಿಗೆ ಖುಷಿಯೇ ಆಗಿತ್ತು. ಇನ್ನೂ ನಾಲ್ಕು ಸಲ ಕೂಗಿ ಕೊಟ್ಟ. ನನ್ನ ಹಾಡು ನಿಮಿಷಕ್ಕೆ ನೂರಿಪ್ಪತ್ತೆಂಟು ಬಡಿತದ್ದು, ಎಂಟೆಂಟು ಬಡಿತದ ಲೆಕ್ಕದಲ್ಲಿ ಸಾಗುವಂಥದ್ದು. ಕೂಗಿಗೂ ಕೂಗಿಗೂ ನಡುವೆ ಅಪ್ಪ ಬಿಡುವ ಸಮಯ ಅದಕ್ಕೆ ಉದ್ದವಾಗುತ್ತಿತ್ತು. ಆ ಮೌನವನ್ನು ಸ್ವಲ್ಪ ಕತ್ತರಿಸಿ, ಎಂಟು ಬಡಿತಕ್ಕೊಂದು ಕೂಗು ಬರುವ ಹಾಗೆ ಕೂರಿಸಿದೆ. ಕೇಳಿ ನನ್ನ ಮೈಯೇ ಜುಮ್ಮೆಂದಿತು.

ಅದನ್ನು ಮೊದಲ ಸಲ ಹಾಕಿದ್ದು ಬೈಂದೂರಿನ ಕಡೆಯ ಒಂದು ಮೆಹಂದಿಯಲ್ಲಿ. ಎರಡೂ ಕಡೆಯವರು ಕಡಲಿನ ಜನ. ಅಪ್ಪನ ತಂಡದವರೆಲ್ಲ ಬಂದಿದ್ದರು, ಅಪ್ಪನೂ. ಊಟಕ್ಕೆ ಮುಂಚೆ, ಜನ ಚೆನ್ನಾಗಿ ಸೇರಿದ ಹೊತ್ತು ನೋಡಿ ಹಾಡು ಬಿಟ್ಟೆ. ಸದ್ದು ಏರಿತು. ಬಾಕ್ಸಿನಿಂದ ಅಪ್ಪನ "ಹೋ..." ಬಂತು. ಕುಣಿಯುತ್ತಿದ್ದ ಗಂಡಸರೆಲ್ಲ ಗಕ್ಕನೆ ನಿಂತರು. ಕಾಲು ಹಿಂದಕ್ಕೆ ಹೋಯಿತು, ಹಿಮ್ಮಡಿ ನೆಲಕ್ಕೆ ಊರಿತು, ಕೈ ಹಗ್ಗ ಹುಡುಕಿತು. ಅಲ್ಲಿ ಇದ್ದದ್ದು ಒಂದೇ ಹಗ್ಗ, ಶಾಮಿಯಾನದ ಕಂಬಕ್ಕೆ ಬಿಗಿದದ್ದು. ಮೊದಲು ಅದನ್ನು ಹಿಡಿದ ಕೈ ಅಪ್ಪನದೇ. ಅವನ ಹಿಂದೆ ಹತ್ತು ಹನ್ನೆರಡು ಜನ ಸಾಲುಗಟ್ಟಿದರು. ನಾನು ಕನ್ಸೋಲ್ ನೋಡುತ್ತಿದ್ದೆ. ತಲೆ ಎತ್ತುವಾಗ ತಡವಾಗಿತ್ತು.

"ಹೈಸಾ!"

ಕಂಬ ಬಂತು. ಕಂಬದ ಜೊತೆ ಹಳದಿ ಬಟ್ಟೆ, ಬಣ್ಣದ ಲೈಟುಗಳು, ಹೂವಿನ ಮಾಲೆ, ಎಲ್ಲ ಬಂತು. ಎಲ್ಲ ನಿಧಾನವಾಗಿ, ಯಾರಿಗೂ ಅವಸರವಿಲ್ಲದ ಹಾಗೆ, ನಮ್ಮ ತಲೆಯ ಮೇಲೆ ಕೂತಿತು. "ಎಳಿಬೇಡಿ ಮರಾಯ್ರೆ, ಚಪ್ಪರ ಬಿತ್ತ್!" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಎರಡನೇ "ಹೈಸಾ" ಬಂದು ಇನ್ನೊಂದು ಕಂಬವೂ ಹೋಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಮದುಮಗಳು ಬಟ್ಟೆಯ ಕೆಳಗೆ, ಗೋರಂಟಿ ಒಣಗದ ಎರಡೂ ಕೈಯನ್ನು ಮೇಲೆತ್ತಿ ಹಿಡಿದು ಬಿದ್ದು ಬಿದ್ದು ನಗುತ್ತಿದ್ದಳು. ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ನನ್ನ ಹಾಡಿಗೆ ಇದಕ್ಕಿಂತ ದೊಡ್ಡ ಡ್ರಾಪ್ ಇವತ್ತಿನವರೆಗೂ ಸಿಕ್ಕಿಲ್ಲ.

ಅಪ್ಪ ನಗಲಿಲ್ಲ. ಮರುದಿನದಿಂದ ಚಾ ಅಂಗಡಿಯಲ್ಲಿ, ದಡದಲ್ಲಿ, ಬಸ್ಸಿನಲ್ಲಿ ಅವನಿಗೆ ಒಂದೇ ಮಾತು: "ಹ್ವಾಯ್, ಕಡ್ಲ್ ಬಿಟ್ಟ್ ಚಪ್ಪರ ಎಳುಕ್ ಹೊರ್ಟದ್ದಾ?" ಮೂವತ್ತು ವರ್ಷ ಜನರನ್ನು ಎಳೆಸಿದವನು ತನ್ನ ಕೂಗಿಗೆ ತಾನೇ ಎಳೆದು ನಗೆಪಾಟಲಾಗಿದ್ದ. ತಂಡದ ಯಜಮಾನರು ಮನೆಯ ಜಗಲಿಗೇ ಬಂದು ಕೂತರು. "ಕಡ್ಲಲ್ಲಿ ಕೂಗೂದ್ ಕುಣೂಕಲ್ಲ. ಆ ಕೂಗ್ ತಂಡದ್ದ್. ನಿನ್ ಮಗ್ಳಿಗೆ ಹೇಳ್, ಇಲ್ಲದಿದ್ರೆ ಮುಂದಿನ ಸಲ ಕೂಗುಕ್ ಬೇರೆಯವ್ರನ್ನ ಕಾಂತೆ" ಅಂದರು. ಅಪ್ಪನ ಮುಖ ಕಪ್ಪಿಟ್ಟಿತು. ಆ ದಡದಲ್ಲಿ ಅವನ ಹತ್ತಿರ ಇದ್ದದ್ದು ಆ ಕೂಗೊಂದೇ.

ಅವರು ಹೋದ ಮೇಲೆ ಅಪ್ಪ ನನ್ನ ಹತ್ತಿರ ಬಂದ. "ನನ್ ದನಿ ತೆಗಿ. ಈಗ್ಲೇ. ನನ್ ಎದುರೇ."

ನನಗೆ ಸಿಟ್ಟು ಬಂತು. ಆದರೆ ದನಿ ಅವನದು, ಅದು ನಿಜ. ಲ್ಯಾಪ್‌ಟಾಪ್ ತೆರೆದು ಅವನೆದುರೇ ಅಳಿಸಿದೆ. ಫೋನಿನದ್ದೂ ಅಳಿಸಿದೆ. ಅದರ ಪ್ರತಿ ಇದ್ದ ಪೆನ್‌ಡ್ರೈವನ್ನು ಅವನ ಕೈಗೇ ಕೊಟ್ಟೆ. ಆಮೇಲೆ ಕೇಳಿದೆ: "ದನಿ ನಿಂದ್, ಆಯ್ತ್. ಕೂಗ್ ಯಾರ್ದ್?"

"ಕೂಗ್ ಕಡ್ಲಿನವ್ರದ್ದ್."

"ನಾ ಎಲ್ಲಿಯವ್ಳ್?"

ಅಪ್ಪ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಹೋದ. ಆಮೇಲೆ ಆರು ತಿಂಗಳು ನಮ್ಮ ನಡುವಿನ ಮಾತೆಲ್ಲ ಅಮ್ಮನ ಮೂಲಕವೇ. ಒಂದೇ ಮನೆಯಲ್ಲಿ ಕೂತು "ಅವ್ಳಿಗೆ ಊಟಕ್ಕ್ ಹೇಳ್", "ಅಪ್ಪನಿಗೆ ಚಾ ಆಯ್ತ್ ಅನ್ನ್" ಎನ್ನುವ ಆಟ. ಅಮ್ಮನಿಗೆ ಸಾಕುಸಾಕಾಯಿತು.

ನಾನು ಸೋತು ಕೂರುವವಳಲ್ಲ. ಮನೆಯ ಹಿಂದೆ ಹಳೆಯ ರಂಪಣಿ ಹಗ್ಗದ ತುಂಡೊಂದನ್ನು ಕಟ್ಟಿತ್ತು, ಅಮ್ಮ ಬಟ್ಟೆ ಒಣಗಿಸುತ್ತಿದ್ದದ್ದು ಅದರ ಮೇಲೆ. ಅದನ್ನು ಬಿಚ್ಚಿ ತೊಳೆದು ಗಾಡಿಗೆ ಹಾಕಿದೆ. ನಮ್ಮ ಜನಕ್ಕೆ ಆ ಕೂಗು ಕೇಳಿದರೆ ಎಳೆಯದೆ ಇರಲು ಆಗುವುದಿಲ್ಲ ತಾನೆ? ಎಳೆಯಲಿ. ಯಾವುದಕ್ಕೂ ಕಟ್ಟದ ಹಗ್ಗವೊಂದನ್ನು ಕುಣಿಯುವ ಜಾಗದ ನಡುವೆ ಹಾಕಿಬಿಟ್ಟರೆ ಚಪ್ಪರವೂ ಉಳಿಯುತ್ತದೆ, ಹಾಡೂ ಉಳಿಯುತ್ತದೆ. ದನಿ ಒಂದು ಬೇಕಿತ್ತು. ನನ್ನ ಗಂಟಲೇನು ಸತ್ತಿರಲಿಲ್ಲ. ಮೈಕ್ ಹಿಡಿದು ನಾನೇ ಕೂಗುವುದೆಂದು ತೀರ್ಮಾನಿಸಿದೆ.

ಮೊದಲು ಸಿದ್ದಾಪುರದ ಒಂದು ಮೆಹಂದಿಯಲ್ಲಿ ಮಾಡಿ ನೋಡಿದೆ. ಅಲ್ಲಿ ಎಲ್ಲ ತೋಟ ಗದ್ದೆಯವರು. ಹಗ್ಗ ನೋಡಿದ್ದೇ ತಡ, ಗಂಡಿನ ಕಡೆಯವರು ಒಂದು ತುದಿ, ಹೆಣ್ಣಿನ ಕಡೆಯವರು ಇನ್ನೊಂದು ತುದಿ ಹಿಡಿದು ಹಗ್ಗಜಗ್ಗಾಟ ಶುರು ಮಾಡಿದರು. ಹೆಣ್ಣಿನ ಕಡೆಯವರು ಗೆದ್ದರು. ಗಂಡಿನ ದೊಡ್ಡಪ್ಪನಿಗೆ ಮುಖ ಊದಿತು, ಅವರನ್ನು ಸಮಾಧಾನ ಮಾಡಿ ಊಟಕ್ಕೆ ಕೂರಿಸುವಷ್ಟರಲ್ಲಿ ಎಲ್ಲರಿಗೂ ಸಾಕಾಯಿತು. ಬ್ರಹ್ಮಾವರದ ಮದುವೆ ಹಾಲ್‌ನಲ್ಲಿ ಮ್ಯಾನೇಜರು ಹಗ್ಗವನ್ನು ಒಳಗೆ ತರಲೇ ಬಿಡಲಿಲ್ಲ. "ಹಗ್ಗ ಎಂತಕ್ಕೆ? ದನ ಕಟ್ಟೂಕಾ?" ಅಂದರು. ನಾನು ಹಗ್ಗವನ್ನು ಹೆಗಲಿಗೆ ಹಾಕಿಕೊಂಡೇ ಮೂರು ಗಂಟೆ ಹಾಡು ಹಾಕಿದೆ.

ಆಮೇಲೆ ಬಂತು ಚಿಕ್ಕಪ್ಪನ ಮಗಳ ಮೆಹಂದಿ, ನಮ್ಮ ಓಣಿಯಲ್ಲೇ. ಮನೆಯ ಹಿರಿಯರು ಬೇರೆ ಡಿಜೆ ನೋಡಿದ್ದರು. ಮದುಮಗಳು ಒಪ್ಪಲಿಲ್ಲ. "ಅಕ್ಕ ಬಾರದಿದ್ರೆ ನಂಗ್ ಮೆಹಂದಿಯೇ ಬೇಡ" ಎಂದು ಕೂತಳು. ಹಾಗಾಗಿ ನಾನು ಹೋದೆ, ಹಗ್ಗದ ಸಮೇತ. ಮುಂದಿನ ಸಾಲಿನ ಕುರ್ಚಿಯಲ್ಲಿ ಯಜಮಾನರು ಕೈಕಟ್ಟಿ ಕೂತಿದ್ದರು. ಅವರ ಪಕ್ಕ ಅಪ್ಪ. ಹೆಂಗಸರು ಎಂದಿನ ಹಾಗೆ ಕುರ್ಚಿಗಳ ಹಿಂದೆ. ನಮ್ಮಲ್ಲಿ ಮೊದಲರ್ಧ ಗಂಟೆ ಹೆಂಗಸರು ಕುಣಿದರೆ ಮುಗಿಯಿತು. ಮತ್ತೆ ಗಂಡಸರು ನಡುವಿಗೆ ಬಂದರೆ ಅವರು ಸರಿದು ನೋಡುತ್ತಾ ನಿಲ್ಲಬೇಕು. ನನಗೆ ಅದೂ ಆಗದು.

ಹಗ್ಗ ಹಾಸಿದೆ. ಹಾಡು ಬಿಟ್ಟೆ. ಈ ಓಣಿಯಲ್ಲಿ ನನ್ನ ಕೂಗಿಗೆ ಯಾರೂ ಎಳೆಯದಿದ್ದರೆ ಮತ್ತೆ ಎಲ್ಲಿ ಎಳೆದರೂ ಅದು ಬರೀ ಆಟ ಅಂತ ನನಗೆ ಗೊತ್ತಿತ್ತು. ಮೈಕ್ ಹತ್ತಿರ ಹಿಡಿದು "ಹೋ..." ಅಂದೆ. ಗಂಡಸರು ನಿಂತರು, ಹಗ್ಗ ನೋಡಿದರು, ಯಜಮಾನರ ಮುಖ ನೋಡಿದರು. "ಹೈಸಾ!" ಒಬ್ಬರೂ ಬಗ್ಗಲಿಲ್ಲ. ಎಂಟು ಬಡಿತ ಹೋಯಿತು. ಮತ್ತೆ ಕೂಗಿದೆ. ಯಾರೂ ಇಲ್ಲ. ಯಜಮಾನರು "ಬಂದ್ ಮಾಡುಕ್ ಹೇಳಿ ಆ ಹೆಣ್ಣಿಗೆ" ಅಂದದ್ದು ಬಾಸಿನ ನಡುವೆಯೂ ಕೇಳಿತು.

ಬಂದ್ ಮಾಡಲಿಲ್ಲ. ಮೂರನೇ ಸಲ, ಗಂಟಲು ಹರಿದುಹೋಗುವ ಹಾಗೆ ಕೂಗಿದೆ.

ಕುರ್ಚಿಗಳ ಹಿಂದಿನಿಂದ ಅಮ್ಮ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ನಡುವೆ ದಾರಿ ಮಾಡಿಕೊಂಡು, ಹಗ್ಗದ ಒಂದು ತುದಿ ಎತ್ತಿದಳು. ಹಿಂದೆ ತಿರುಗಿ ತನ್ನ ಮೀನು ಮಾರುವ ಗೆಳತಿಯರಿಗೆ "ಎಂತ ಕಾಂತ್ರಿ? ಹಗ್ಗ ಎಳುಕ್ ಬತ್ರಾ ಇಲ್ಯಾ?" ಎಂದಳು. ಬಂದರು. ಒಬ್ಬರ ಹಿಂದೆ ಒಬ್ಬರು, ಇಪ್ಪತ್ತು ಹೆಂಗಸರು. ನಾಲ್ಕನೇ ಕೂಗಿಗೆ ಅಷ್ಟೂ ಜನರ ಹಿಮ್ಮಡಿ ಒಟ್ಟಿಗೆ ನೆಲಕ್ಕೆ ಬಡಿದದ್ದು ನನ್ನ ಬಾಸಿಗಿಂತ ಜೋರಾಗಿ ಕೇಳಿತು. ಆಮೇಲೆ ಗಂಡಸರಿಗೂ ನಿಲ್ಲಲಾಗಲಿಲ್ಲ. ಹಗ್ಗದಲ್ಲಿ ಜಾಗ ಸಿಗದವರು ಮುಂದಿನವರ ಸೊಂಟ ಹಿಡಿದು ಎಳೆದರು. ಯಾವುದಕ್ಕೂ ಕಟ್ಟದ ಹಗ್ಗವನ್ನು ಹೆಗಲ ಮೇಲೆ ಹೊತ್ತು ಇಡೀ ಓಣಿ ಹಿಂದೆ ಹಿಂದೆ ಸರಿಯುತ್ತಾ ರಸ್ತೆಯವರೆಗೆ ಹೋಗಿ ಬಂತು. ಯಜಮಾನರು ಎದ್ದು ಊಟದ ಕಡೆಗೆ ನಡೆದರು. ಅಪ್ಪ ಏಳಲಿಲ್ಲ. ಆದರೆ ನಾನು ಅವನ ಕಾಲನ್ನೇ ನೋಡುತ್ತಿದ್ದೆ. ನಾನು "ಹೋ" ಅಂದಾಗಲೆಲ್ಲ ಅವನ ಬಲಗಾಲಿನ ಹಿಮ್ಮಡಿ ಕುರ್ಚಿಯ ಕೆಳಗೆ ನೆಲಕ್ಕೆ ಊರುತ್ತಿತ್ತು.

ಎಲ್ಲ ಮುಗಿದು ನಾನು ವಯರ್ ಸುತ್ತುತ್ತಿರುವಾಗ ಅವನು ಬಂದು ಪಕ್ಕದಲ್ಲಿ ಕೂತ. ಆರು ತಿಂಗಳ ಮೇಲೆ ನೇರವಾಗಿ ನನಗೆ ಹೇಳಿದ ಮೊದಲ ಮಾತು: "ನೀ ಎಂಟಕ್ಕ್ ಕೂಗ್ತಿ. ಹತ್ತಕ್ಕ್ ಕೂಗ್ಕ್. ಎಳ್ದವ್ರಿಗೆ ಉಸ್ರ್ ಬಿಡುಕ್ ಹೊತ್ತ್ ಬೇಡ್ದಾ?"

ಅಂದರೆ ಕೂತಲ್ಲೇ ಎಣಿಸಿದ್ದ.

"ಹತ್ತಕ್ಕ್ ಹಾಡ್ ಕೂರುದಿಲ್ಲೆ ಅಪ್ಪ. ಇದ್ ಕಡ್ಲಲ್ಲ" ಅಂದೆ.

"ಹಗ್ಗದ್ ತುದಿ ಬಿಚ್ಚಿ ಹೋಯ್ತ್. ಅದನ್ ಕಟ್ಟುಕೂ ಬತ್ತಿಲ್ಲೆ ನಿಂಗೆ" ಎಂದು ಗೊಣಗುತ್ತಾ ಹಗ್ಗವನ್ನು ಮಡಿಲಿಗೆ ಎಳೆದುಕೊಂಡ. ಎಳೆ ಎಳೆಯಾಗಿ ಬಿಚ್ಚಿದ್ದ ತುದಿಯನ್ನು ಹೊಸೆದು, ಜೇಬಿನಲ್ಲಿದ್ದ ಬಲೆಯ ನೂಲಿನಿಂದ ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಅಷ್ಟು ಹೊತ್ತೂ "ಹತ್ತಕ್ಕ್ ಕೊಡ್ಕ್, ಹತ್ತಕ್ಕ್" ಎಂದು ಹೇಳುತ್ತಲೇ ಇದ್ದ. ನಾನು ವಯರ್ ಸುತ್ತುತ್ತಲೇ ಇದ್ದೆ.

ಆ ಗಂಟು ಈಗಲೂ ಹಾಗೇ ಇದೆ. ಹಗ್ಗ ಗಾಡಿಯಲ್ಲಿ ಎಲ್ಲ ಕಡೆಗೂ ಬರುತ್ತದೆ. ಕೂಗು ಮಾತ್ರ ನಾನು ಎಂಟಕ್ಕೇ ಕೊಡುತ್ತೇನೆ.