ಮಾಮನ ಮೀಸೆಯೂ ಅಮೆರಿಕದ ಒಂದು ಕೌಂಟಿಯೂ

ನಾನು ಡಿಗ್ರಿ ಮುಗಿಸಿದರೆ ತನ್ನ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಹೇಳಿದವನು ನನ್ನ ಸೋದರಮಾವ. ನನ್ನ ಪಿಯುಸಿ ಫಲಿತಾಂಶ ಬಂದ ದಿನ, ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಓಣಿಗೆಲ್ಲ ಕೇಳುವ ಹಾಗೆ ಹೇಳಿದ್ದ. ನಾನು ಭೂಗೋಳದಲ್ಲಿ ನಪಾಸಾಗಿದ್ದೆ. "ನಮ್ಮ ಮನಿತನದಾಗ ಯಾರಿಗೂ ಹತ್ತಲಾರದ ವಿದ್ಯಾ ಇಕಿಗೆ ಎಲ್ಲಿಂದ ಹತ್ತತೈತಿ? ಇಕಿ ಡಿಗ್ರಿ ಮುಗಿಸಿದ್ಲಂದ್ರ ನನ್ನ ಮೀಸಿ ಬೋಳಿಸ್ಕೋತೀನಿ, ನೋಡ್ರಿ." ಆ ಮೀಸೆ ಸಾಮಾನ್ಯದ್ದಲ್ಲ. ಎರಡೂ ತುದಿ ಮೇಲೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೊರಟಂತಿತ್ತು. ಅಂಥ ಮೀಸೆಯನ್ನು ಪಣಕ್ಕಿಟ್ಟನೆಂದರೆ ನನ್ನ ಸೋಲಿನ ಮೇಲೆ ಅವನಿಗೆ ಎಷ್ಟು ನಂಬಿಕೆ ಇದ್ದಿರಬೇಕು, ನೀವೇ ಯೋಚಿಸಿ.

ಇವತ್ತು ಬೆಳಿಗ್ಗೆ ಇದು ನೆನಪಾದದ್ದು ಜೋಳದ ಹಿಟ್ಟಿನ ವಾಸನೆಗೆ. ನ್ಯೂಜಿಲೆಂಡಿನಲ್ಲಿ, ಆಕ್ಲೆಂಡಿನ ಸ್ಯಾಂಡ್ರಿಂಗಮ್ ಬಡಾವಣೆಯ ನಮ್ಮವರ ಅಂಗಡಿಯಲ್ಲಿ ಸಿಗುವ ಹಿಟ್ಟು ಹಲವು ಸಲ ಹಡಗಿನಲ್ಲೇ ಮುದಿಯಾಗಿರುತ್ತದೆ. ಎಷ್ಟು ನಾದಿದರೂ ಜಿಗಿ ಬರುವುದಿಲ್ಲ. ಇವತ್ತಿನದು ಹೊಸದು, ಪೊಟ್ಟಣ ಬಿಚ್ಚಿದ ಕೂಡಲೇ ಮನೆಯ ತುಂಬ ಗದಗಿನ ವಾಸನೆ. ನಾನು ರೊಟ್ಟಿ ಬಡಿಯುವುದು ಅಡುಗೆಕಟ್ಟೆಯ ಮೇಲೆ ಹಾಸಿದ ಒಂದು ದೊಡ್ಡ ನಕ್ಷೆಯ ಮೇಲೆ. ಪ್ಲಾಸ್ಟಿಕ್ ಹೊದಿಸಿದ್ದರಿಂದ ಒರೆಸಿದರೆ ಆಯಿತು. ಅಮೆರಿಕದ ನಡುಮಧ್ಯದ ಒಂದು ಹಳ್ಳಿಗಾಡಿನ ಕೌಂಟಿಯ ನಕ್ಷೆ ಅದು. ಕೌಂಟಿ ಎಂದರೆ ನಮ್ಮ ತಾಲೂಕಿನಂಥದ್ದು ಅಂದುಕೊಳ್ಳಿ. ಹೆಸರು ಮಾತ್ರ ಹೇಳುವುದಿಲ್ಲ. ಅಲ್ಲಿಯವರಿಗೆ ನಾವು ಮಾಡಿದ ಅಪಚಾರ ಕೇಳಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ನಮ್ಮಪ್ಪ ಹತ್ತಿ ಚೀಲ ಹೊರುತ್ತಿದ್ದ. ಮಾಮ ಸೂಪರ್‌ವೈಸರ್ ಆಗಿದ್ದ ಜಿನ್ನಿಂಗ್ ಫ್ಯಾಕ್ಟರಿಯಲ್ಲೇ ಅವನಿಗೂ ಕೆಲಸ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡ. ಅಲ್ಲಿಂದ ಮುಂದೆ ನಮ್ಮ ಮನೆಗೆ ಜೋಳ ಬಂದದ್ದು ಮಾಮನ ಮನೆಯಿಂದ, ಬುದ್ಧಿಮಾತು ಬಂದದ್ದೂ ಅಲ್ಲಿಂದಲೇ. ಅವ್ವನಿಗೆ ಹೆಬ್ಬೆಟ್ಟು. ನಪಾಸಾದ ಭೂಗೋಳವನ್ನು ಮತ್ತೆ ಕಟ್ಟಿ ಹೇಗೋ ಪಿಯುಸಿ ಮುಗಿಸಿದೆ. ಮುಂದೆ ಮದುವೆಯಾಗಿ, ಯಜಮಾನರಿಗೆ ಇಲ್ಲಿ ಎಂಜಿನಿಯರಿಂಗ್ ನೌಕರಿ ಸಿಕ್ಕಿ ಆಕ್ಲೆಂಡಿಗೆ ಬಂದೆ. ಪೆನ್‌ರೋಸಿನ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಲೇಬಲ್ ಹಚ್ಚುವ ಕೆಲಸ ಹಿಡಿದೆ. ಒಂದು ದಿನ ಯೂನಿವರ್ಸಿಟಿಗೆ ಹೋಗಿ ಯಾವ ವಿಷಯ ಎಂದು ಕೇಳಿದವರಿಗೆ "ಭೂಗೋಳ" ಅಂದುಬಿಟ್ಟೆ. ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಬೆಳಿಗ್ಗೆ ಗೋದಾಮು, ಮಧ್ಯಾಹ್ನದ ಮೇಲೆ ಕ್ಲಾಸು. ಮೂರು ವರ್ಷದ ಡಿಗ್ರಿಯನ್ನು ಅದರ ಎರಡರಷ್ಟು ಕಾಲ ಎಳೆದು, ಕೊನೆಗೆ ಒಂದೇ ಪೇಪರ್ ಉಳಿಯಿತು. ಒಮ್ಮೆ ಕೈಕೊಟ್ಟಿದ್ದ ಪೇಪರ್ ಅದು. ಈ ಸಲವೂ ಹೋದರೆ ಇನ್ನು ಪುಸ್ತಕ ಮುಟ್ಟುವುದಿಲ್ಲ, ಮಾಮನ ಮೀಸೆಗೆ ನಾನೇ ಎಣ್ಣೆ ಹಚ್ಚಿ ಕೈಮುಗಿಯುತ್ತೇನೆ ಎಂದು ಯಜಮಾನರಿಗೆ ಹೇಳಿದ್ದೆ.

ಅದೇ ವರ್ಷ ಮಾಮ ನ್ಯೂಜಿಲೆಂಡಿಗೆ ಬಂದಿಳಿದ. ಅವನ ಮಗ ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ಮನೆ ಮಾಡಿದ್ದ. ಮೊಮ್ಮಗಳನ್ನು ಆಡಿಸುವುದಕ್ಕೆ ಅಜ್ಜ ಬೇಕಾಗಿತ್ತು. ಆ ಮಗು ಇವನ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿತ್ತು. ಮಾತಿಗೆ ಮಂದಿಯಿಲ್ಲದೆ ಮಾಮ ನನಗೆ ಫೋನ್ ಮಾಡತೊಡಗಿದ. ಮೊದಲ ದಿನವೇ ಕೇಳಿದ, "ಏನವಾ, ಆತೇನು ನಿನ್ನ ಡಿಗ್ರಿ?"

"ಒಂದು ಪೇಪರ್ ಉಳದೈತಿ, ಮಾಮಾ."

"ಹಂಗಾರ ಚಿಂತಿಲ್ಲ ಬಿಡು," ಅಂದ. ಚಿಂತೆ ಇಲ್ಲದ್ದು ಮೀಸೆಗೆ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಪೇಪರಿಗೆ ಪರೀಕ್ಷೆ ಇರಲಿಲ್ಲ, ಒಂದು ದೀರ್ಘ ಪ್ರಬಂಧ ಬರೆಯಬೇಕಿತ್ತು. ಮೇಡಂ ಹುಟ್ಟಿನಿಂದ ಅಮೆರಿಕದವರು. ಇಲ್ಲಿಯ ರೂಢಿಯಂತೆ ಹೆಸರು ಹಿಡಿದೇ ಕರೆಯಿರಿ ಎನ್ನುತ್ತಿದ್ದರು. ನನ್ನ ನಾಲಿಗೆ ಕೊನೆಯವರೆಗೂ ಮೇಡಂ ಅಂದಿತು. ಅವರು ತಮ್ಮ ಉಲ್ಲನ್ ಟೊಪ್ಪಿಗೆಯಲ್ಲಿ ಚೀಟಿ ಹಾಕಿ ಎತ್ತಿಸಿದರು. ಒಬ್ಬೊಬ್ಬರಿಗೂ ತಾವು ಕಾಲಿಡದ ಒಂದು ಸೀಮೆ ಸಿಗಬೇಕು, ನಕ್ಷೆ, ಜನಗಣತಿ, ಹಳೆಯ ಪತ್ರಿಕೆ ನೋಡಿಯೇ ಅದರ ಭೂಗೋಳ, ಇತಿಹಾಸ, ಜನಸಂಖ್ಯೆಯ ಕಥೆ ಕಟ್ಟಬೇಕು. ನನ್ನ ಪಕ್ಕದ ಹುಡುಗಿಗೆ, ಕುರಿಫಾರಂ ಮನೆತನದವಳು, ಕರ್ನಾಟಕದ ತಾಲೂಕೇ ಬಂತು. ಬದಲಾಯಿಸಿಕೊಳ್ಳಲೇ ಎಂದು ಮೇಡಮ್ಮನ್ನು ಕೇಳಿದೆ. "ಬೇಡ. ಹುಟ್ಟಿದ ಕಡೆಯದು ನಮ್ಮ ಕಣ್ಣಿಗೆ ಬೀಳುವುದಿಲ್ಲ," ಅಂದರು. ನನಗೆ ಸಿಕ್ಕಿದ್ದು ಈ ಕೌಂಟಿ.

ನೆಲವೆಂದರೆ ಅಂಥ ಸಪಾಟು ನೆಲವನ್ನು ನಾನು ನಮ್ಮ ಎರೆಹೊಲದ ಕಡೆ ಬಿಟ್ಟರೆ ಎಲ್ಲೂ ಕಂಡಿಲ್ಲ. ಒಂದು ಸೋಮಾರಿ ಹೊಳೆ, ಎರಡೂ ದಂಡೆಗೆ ಗೋವಿನಜೋಳ, ಮೈಲಿಗೊಂದು ರಸ್ತೆ, ಎಲ್ಲವೂ ಚೌಕ. ನಮ್ಮ ಹೊಲದ ಬದುಗಳು ಅಣ್ಣತಮ್ಮಂದಿರ ಜಗಳದ ಹಾಗೆ ಸೊಟ್ಟಗಿರುತ್ತವಲ್ಲ, ಅಲ್ಲಿ ಹಾಗಿಲ್ಲ. ಮೊದಲಿದ್ದ ಮೂಲನಿವಾಸಿಗಳನ್ನು ಎಬ್ಬಿಸಿ, ಸರ್ವೆಯವರು ಸರಪಳಿ ಎಳೆದು ಗೆರೆ ಹಾಕಿದ ನೆಲ. ಜಗಳ ಅಳಿಸಿಹೋಗಿ ಗೆರೆ ಮಾತ್ರ ಉಳಿದಿದೆ. ಹೊಳೆಯ ಆಚೆಗೊಂದು, ಈಚೆಗೊಂದು ಊರು. ಕೌಂಟಿಯ ಕಚೇರಿ, ಕೋರ್ಟು ಯಾರಿಗೆ ಬರಬೇಕು ಎಂದು ಎರಡೂ ಊರುಗಳು ವರ್ಷಗಟ್ಟಲೆ ಕಾದಾಡಿದ್ದವು. ಆಚೆಯ ಊರು ಗೆದ್ದಿತು. ಈಚೆಯದಕ್ಕೆ ರೈಲು ಉಳಿಯಿತು, ಕಡೆಗೆ ರೈಲೂ ಹೋಯಿತು.

ಇದನ್ನು ಫೋನಿನಲ್ಲಿ ಹೇಳಿದ್ದೇ ತಡ, ಮಾಮ ಎದ್ದು ಕೂತ. ತಾಲೂಕು ಕಚೇರಿಗಾಗಿ ಊರೂರು ಜಗಳಾಡುವುದನ್ನು ಕಂಡವನು. "ಸೋತ ಊರು ನಂದು," ಎಂದು ಘೋಷಿಸಿದ. ಅಲ್ಲಿಂದ ಪ್ರತಿ ಭಾನುವಾರ ಮೊದಲ ಪ್ರಶ್ನೆ, "ನಮ್ಮೂರ ಸುದ್ದಿ ಏನೈತಿ?" ನಾನು ಅಂಗಡಿ ಮುಚ್ಚಿದ್ದು, ಸಾಲಿ ಮುಚ್ಚಿದ್ದು ಹೇಳುತ್ತಿದ್ದೆ. ಅವನು ಆ ಕಡೆಯಿಂದ "ಛೆ, ಛೆ" ಅನ್ನುತ್ತಿದ್ದ. ನನ್ನನ್ನು ಸೋಲಿಸಬೇಕಾದವನು ನನ್ನ ಕೌಂಟಿಗೆ ಮರುಗುತ್ತ ಕೂತದ್ದು ಕಂಡು ಯಜಮಾನರು ನಗುತ್ತಿದ್ದರು.

ಆದರೆ ಒಂದು ಒಗಟು ಬಿಡಲಿಲ್ಲ. ಊರು ಬರಿದಾಗುತ್ತಿದೆ, ಜನಸಂಖ್ಯೆ ಮಾತ್ರ ಏರಿದೆ. ಅದೂ ಬರೀ ಗಂಡಸರು. ವಿಮಾನದಿಂದ ತೆಗೆದ ಚಿತ್ರದಲ್ಲಿ ಊರ ಹೊರಗೆ ಸಾಲಾಗಿ ಉದ್ದನೆಯ ಬಿಳಿ ಶೆಡ್ಡುಗಳು, ಸುತ್ತ ಬೇಲಿ. ಚಿತ್ರವನ್ನು ಮಾಮನಿಗೆ ಕಳಿಸಿದೆ. ಮಗನ ಟ್ಯಾಬ್ಲೆಟ್ಟಿನಲ್ಲಿ ಹಿಗ್ಗಿಸಿ ನೋಡಿ ತೀರ್ಪು ಕೊಟ್ಟ. "ಫ್ಯಾಕ್ಟರಿನ ಅದು. ನನ್ನ ಜನ್ಮೆಲ್ಲಾ ಫ್ಯಾಕ್ಟರಿಯೊಳಗ ಹೋಗೈತಿ, ನನಗ ಗೊತ್ತಾಗಂಗಿಲ್ಲೇನು? ಹುಡುಗ್ರು ದುಡಿಯಾಕ ಬಂದಾರ, ಹೆಂಡ್ರನ್ನ ಊರಾಗ ಬಿಟ್ಟಾರ."

"ಮದಿವಿ ಆಗ್ಯಾವೋ ಇಲ್ಲೋ."

"ಇಲ್ಲಂದ್ರ ನಾವ ಕನ್ಯಾ ನೋಡೂಣ," ಅಂದ.

ನನಗೂ ಅನುಮಾನ ಬರಲಿಲ್ಲ. ಪೆನ್‌ರೋಸಿನಲ್ಲಿ ನನ್ನ ಸುತ್ತ ಇದ್ದವರೆಲ್ಲ ಅಂಥವರೇ, ಶೆಡ್ಡುಗಳೂ ಅಂಥವೇ. ದುಡಿಯಲು ಬಂದ ಆ ಗಂಡಸರ ಬಗ್ಗೆ, ದೂರದೂರಲ್ಲಿ ದಾರಿ ಕಾಯುವ ಅವರ ಹೆಂಡಂದಿರ ಬಗ್ಗೆ ಎರಡು ಪುಟ ಬರೆದೆ. ಬರೆಯುವಾಗ ಕಣ್ಣಲ್ಲಿ ನೀರು ಬಂದದ್ದನ್ನು ಇಲ್ಲಿ ಹೇಳಬಾರದಿತ್ತು, ಹೇಳಿದೆ.

ಮೇಡಂ ಕರಡು ವಾಪಸ್ ಕೊಟ್ಟರು. "ನೆಲ ಚೆನ್ನಾಗಿದೆ, ಜಗಳ ಚೆನ್ನಾಗಿದೆ. ಜನರ ಭಾಗ ಹೀಗೇ ಉಳಿದರೆ ಪಾಸು ಮಾಡಲಾರೆ. ಜನಗಣತಿ ಒಬ್ಬನನ್ನು ಎಲ್ಲಿ ಎಣಿಸುತ್ತದೆ ಎಂದು ಯೋಚಿಸು. ಶುಕ್ರವಾರದವರೆಗೆ ಸಮಯವಿದೆ."

ಮರುದಿನ ಗೋದಾಮಿನ ಹೊರಗೆ ಊಟದ ಡಬ್ಬಿ ಬಿಚ್ಚಿ ಕೂತಿದ್ದೆ. ಜನಗಣತಿ ಅಂದಾಗ ಮಾಮನದೇ ನೆನಪು. ಆಗಷ್ಟೇ ಇಲ್ಲಿ ಜನಗಣತಿ ಆಗಿತ್ತು. ಆ ರಾತ್ರಿ ಈ ದೇಶದಲ್ಲಿ ಮಲಗಿದವರನ್ನೆಲ್ಲ ಎಣಿಸುತ್ತಾರೆ ಎಂದು ಮಗ ಇವನ ಹೆಸರನ್ನೂ ಬರೆಸಿದ್ದ. "ಈ ದೇಶದ ಲೆಕ್ಕದಾಗ ನಾನೂ ಅದೀನಿ," ಎಂದು ಗದಗಿಗೆಲ್ಲ ಫೋನ್ ಮಾಡಿ ಹೇಳಿದ್ದ. ಅಂದರೆ ಮಲಗಿದಲ್ಲಿ ಎಣಿಕೆ. ಹಾಗಾದರೆ ಅಲ್ಲಿ ಮಲಗುವ ಅಷ್ಟು ಗಂಡಸರ ಮನೆಗಳೆಲ್ಲಿ? ನನ್ನೆದುರಿಗೆ ಒಂದರ ಹಿಂದೆ ಒಂದು ಲಾರಿ ಗೋದಾಮಿನ ಬಾಗಿಲಿಗೆ ಬೆನ್ನು ಹಚ್ಚುತ್ತಿತ್ತು. ನನ್ನ ಕೈಯ ರೊಟ್ಟಿ ಅಲ್ಲೇ ನಿಂತಿತು. ಆ ಚಿತ್ರದಲ್ಲಿ ಒಂದೂ ಲಾರಿ ಇರಲಿಲ್ಲ. ಲಾರಿ ಬರದ ಫ್ಯಾಕ್ಟರಿ ಯಾವುದು? ಫೋನಿನಲ್ಲಿ ಆ ಚಿತ್ರ ತೆಗೆದು ಹಿಗ್ಗಿಸಿ ನೋಡಿದೆ. ಬೇಲಿ ಎರಡು ಸುತ್ತು, ಮೂಲೆಮೂಲೆಗೊಂದು ಕಾವಲಿನ ಅಟ್ಟಣಿಗೆ.

ಅಲ್ಲಿಂದಲೇ ಫೋನ್ ಹಚ್ಚಿದೆ. "ಮಾಮಾ, ಅದು ಜೈಲು."

"ಜೈಲಂದ್ರ?"

"ಕೈದಿಗಳನ್ನ ಇಡೂ ಜೈಲು."

"ಎಲ್ಲಾರೂನು?"

"ಎಲ್ಲಾರೂನು."

"ಯವ್ವಾ, ನಾ ಇಲ್ಲೆ ಮಗ್ಗಲ ಮನಿ ದೇಸಾಯರಿಗೆ ಹೇಳಿಬಿಟ್ಟೀನಿ, ಅಮೆರಿಕಾದಾಗ ದುಡಿಯೂ ಹುಡುಗ್ರು ಭಾಳ ಅದಾರ, ನಿಮ್ಮ ಮಗಳಿಗೆ ನೋಡ್ರಿ ಅಂತ."

ಗೋದಾಮಿನವರೆಲ್ಲ ತಿರುಗಿ ನೋಡುವ ಹಾಗೆ ನಕ್ಕೆ. ಅವನು ನಗಲಿಲ್ಲ. ದನಿ ತಗ್ಗಿಸಿ ಅಂದ, "ನಾ ಬೇಕಂತ ತಪ್ಪು ಹೇಳಿದ್ನಿ ಅನ್ಕೋಬ್ಯಾಡ. ಮೀಸಿ ಸಲುವಾಗಿ ಹಂಗ ಮಾಡೂ ಮನಷ್ಯಾ ಅಲ್ಲ ನಾ."

"ಗೊತ್ತೈತಿ, ಮಾಮಾ."

"ಯಾವತ್ತ ಕೊಡಬೇಕು?"

"ಶುಕ್ರವಾರ."

"ಮತ್ತ ಫೋನ್ ಹಿಡಕೊಂಡು ಏನ್ ನಕ್ಕೋತ ಕುಂತಿ? ಇಡು. ಬರಿಯಾಕ ಹತ್ತು." ಇಡುವ ಮೊದಲು ಮತ್ತೊಂದು ಮಾತು ಸೇರಿಸಿದ. "ನೋಡಿದೇನು ಹಣೆಬರಾ? ಕೋರ್ಟು ಅವರಿಗೆ, ಜೈಲು ನಮಗ."

ಇಡೀ ಕೌಂಟಿಯ ಕಥೆ ಆ ಮಾತಿನಲ್ಲಿತ್ತು. ಕಚೇರಿ ಸೋತು, ರೈಲು ಕಳೆದುಕೊಂಡ ಊರು, ನಾಲ್ಕು ಜನರಿಗಾದರೂ ಕೆಲಸ ಸಿಗಲೆಂದು ಜೈಲನ್ನು ಕರೆದು ಕೂರಿಸಿಕೊಂಡಿತ್ತು. ಜನಗಣತಿಯಲ್ಲಿ ಊರು ಬೆಳೆದಿದೆ. ಬೆಳೆಸಿದವರು ಆ ಊರಿನ ಒಂದು ಬೀದಿಯನ್ನೂ ಕಂಡಿಲ್ಲ. ಹೆಂಡಂದಿರ ಎರಡು ಪುಟ ಕಿತ್ತುಹಾಕಿ ಇದನ್ನು ಬರೆದೆ. ನಡುವೆ ಮಾಮ ಒಂದು ಸಲವೂ ಫೋನ್ ಮಾಡಲಿಲ್ಲ. ಅವನು ಹಾಗೆ ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ.

ಪಾಸಾದೆ. ಮೇಡಂ ಅಂಚಿನಲ್ಲಿ ಬರೆದಿದ್ದರು: "ಈಗ ಇಲ್ಲಿ ಜನರಿದ್ದಾರೆ."

ಪದವಿ ಪ್ರದಾನದ ಹಿಂದಿನ ದಿನ ಮಾಮ ವೆಲಿಂಗ್ಟನ್ನಿನಿಂದ ಬಸ್ಸಿನಲ್ಲಿ ಬಂದ. ಇಳಿದವರಲ್ಲಿ ಅವನನ್ನು ಹುಡುಕುತ್ತಲೇ ಇದ್ದೆ; ಬಿಳಿ ಟೊಪ್ಪಿಗೆಯ ಮುದುಕನೊಬ್ಬ ಎದುರಿಗೆ ಬಂದು ನಿಂತ. ಮೂಗಿನ ಕೆಳಗೆ ಏನೂ ಇರಲಿಲ್ಲ. ಆ ಜಾಗ ಮಾತ್ರ ಬೆಳ್ಳಗೆ, ಕ್ಯಾಲೆಂಡರ್ ತೆಗೆದ ಗೋಡೆಯಂತಿತ್ತು.

"ಮಾಮಾ, ಇನ್ನೂ ಸರ್ಟಿಫಿಕೇಟ್ ಕೊಟ್ಟಿಲ್ಲಲ್ಲ."

"ಕೊಡತಾರ ತಗೋ. ಜಾನ್ಸನ್‌ವಿಲ್‌ನ್ಯಾಗ ನಮ್ಮ ಮಂದಿ ಎಲ್ಲಾ ಕೇಳಾಕ ಹತ್ತ್ಯಾರ, ಕಾಕಾ, ಯಾರು ತೀರಕೊಂಡ್ರು ಅಂತ. ಯಾರೂ ಇಲ್ಲೋ, ನನ್ನ ಸೊಸಿ ಪಾಸಾಗ್ಯಾಳ ಅಂದೆ."

ಈಗ ರೊಟ್ಟಿ ಬಡಿಯುವಾಗ ಹೊಳೆಯ ಈಚೆಯ ಊರಿನ ಮೇಲೆ ಹಿಟ್ಟು ಉದುರುತ್ತದೆ. ಮೊದಲೆಲ್ಲ ಕೆಲಸ ಮುಗಿದ ಮೇಲೆ ಒಟ್ಟಿಗೇ ಒರೆಸುತ್ತಿದ್ದೆ. ಇವತ್ತು ಅದೇಕೋ ಬಡಿಯುವುದನ್ನು ನಿಲ್ಲಿಸಿ, ಆ ಬಿಳಿ ಶೆಡ್ಡುಗಳಿರುವ ಜಾಗವನ್ನು ಬೆರಳಿನಿಂದ ಮೊದಲು ಒರೆಸಿದೆ. ಎಣಿಸಿ ಮರೆತವರು ಅಲ್ಲಿದ್ದಾರೆ. ನಮ್ಮ ಮನೆತನವನ್ನೂ ಹೀಗೇ ಯಾರೋ ಬರೀ ತಲೆ ಎಣಿಸಿ ಬಿಟ್ಟಿದ್ದರಲ್ಲ ಅನ್ನಿಸಿತು. ಅದರ ಹಿಂದೆಯೇ ಸಭಾಂಗಣದ ಹೊರಗಿನ ಆ ಮಧ್ಯಾಹ್ನ ನೆನಪಾಯಿತು.

ಕಪ್ಪು ಗೌನು ಹಾಕಿಕೊಂಡು ಹೊರಗೆ ಬಂದವಳೇ ಸರ್ಟಿಫಿಕೇಟನ್ನು ಮಾಮನ ಕೈಗೆ ಕೊಟ್ಟೆ. ಎರಡೂ ಅಂಗೈಗಳನ್ನು ಕೋಟಿಗೆ ಒರೆಸಿಕೊಂಡು ತೆಗೆದುಕೊಂಡ. ಬೆರಳಿಟ್ಟು ಒಂದೊಂದೇ ಇಂಗ್ಲಿಷ್ ಅಕ್ಷರ ಕೂಡಿಸಿ ನನ್ನ ಹೆಸರು ಓದಿದ. ಬೆರಳು ಮುಂದೆ ಹೋಗಿ, ನನ್ನ ಹೆಸರಿನ ಪಕ್ಕದ ಹೆಸರಿನ ಮೇಲೆ ನಿಂತಿತು.

"ನಿಮ್ಮಪ್ಪನ ಹೆಸರೂ ಹಾಕ್ಯಾರಲ್ಲ," ಅಂದ. ಆಮೇಲೆ ಮೂಗಿನ ಕೆಳಗಿನ ಬೋಳು ಜಾಗವನ್ನು ಹೆಬ್ಬೆರಳಿನಿಂದ ಸವರಿಕೊಂಡು ಸರ್ಟಿಫಿಕೇಟನ್ನು ಮರಳಿ ನನ್ನ ಕೈಗಿಟ್ಟ.

"ಛಲೋ ಆತು. ತಗೋ, ಇನ್ನ ಮೀಸಿ ಬಿಡಾಕ ಅಡ್ಡಿಲ್ಲ."