ಕೂಸಿಗೆ ಕೂಸಿನದೇ ಅಂಗೈ

ಬೆಳಗಿನ ಐದೂವರೆ. ರಾಯಚೂರಿನ ದವಾಖಾನೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ಆಯಾ ಆದೆಮ್ಮ ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸುತ್ತಿದ್ದಾರೆ. ಎದುರಿಗೆ ಮೂರು ವರ್ಷದ ಕರೆಮ್ಮ. ನಿನ್ನೆ ಸಂಜೆ ಹಂಡೆಯ ಬಿಸಿನೀರು ಬೆನ್ನ ಮೇಲೆ ಬಿದ್ದಿದೆ. ಮಗುವಿನ ಅಂಗೈ ಇಟ್ಟು, ಬೆರಳೂ ಸೇರಿಸಿ ಗೆರೆ ಎಳೆದು ಕತ್ತರಿಸಿದ ಹಾಳೆ ಅದು. ಸ್ಪಿರಿಟ್‌ನಿಂದ ಒರೆಸಿ, ಗಾಯಕ್ಕೆ ತಾಗದಂತೆ ಮೇಲೆ ಹಿಡಿದು, ಸರಿಸುತ್ತ ಎಣಿಸುತ್ತಾರೆ. ಹದಿನೈದು.

ದೇವದುರ್ಗದ ಕಡೆಯಿಂದ ಸಿಕ್ಕ ಲಾರಿ ಹತ್ತಿ ಬಂದ ತಂದೆ ಯಮನೂರಪ್ಪನ ಕೈಯಲ್ಲಿ ದಾರಿಯ ಖಾಸಗಿ ಕಂಪೌಂಡರ್ ಬರೆದ ಚೀಟಿ ಇದೆ: ಆರು ಅಂಗೈ. ಒಂದು ಅಂಗೈ ಎಂದರೆ ಮೈಚರ್ಮದ ನೂರರಲ್ಲಿ ಒಂದು ಪಾಲು. ಮಕ್ಕಳಿಗೆ ಹತ್ತು ದಾಟಿದರೆ ಸಲೈನ್ ಬಾಟಲಿ ಹಚ್ಚಬೇಕು. ತಡವಾದರೆ ಜೀವಕ್ಕೇ ಅಪಾಯ.

“ಅಂವ ತನ್ನ ಕೈ ಇಟ್ಟು ಅಳದಾನ್ರಿ,” ಎನ್ನುತ್ತಾರೆ ಆದೆಮ್ಮ. “ಕೂಸಿನ ಮೈಗೆ ಕೂಸಿನ ಕೈನ ಬೇಕು.”

ಡಾಕ್ಟರು ತಾವೂ ಒಮ್ಮೆ ಎಣಿಸಿ, ಸಲೈನ್ ಹಚ್ಚುತ್ತಾರೆ.

ಗುಂಜಹಳ್ಳಿಯ ಕುರಿಗಾರರ ಮನೆಯ ಆದೆಮ್ಮ ಗಂಡ ತೀರಿದ ಮೇಲೆ ಪೇಟೆಯಲ್ಲಿ ಹೂವು ಮಾರಿದವರು. “ನನ್ನ ಮೊಳ ಗಿಡ್ಡ. ಎತ್ತರದ ಹೆಣ್ಮಕ್ಕಳು ತಮ್ಮ ಮೊಳ ಹಾಕಿ ಜಗಳಕ್ಕ ನಿಲ್ತಿದ್ರು. ಆವಾಗಿಂದ ಅಳತಿ ಅಂದ್ರ ಕೈ ಯಾರದು ಅಂತ ಮೊದಲು ಕೇಳ್ತೀನ್ರಿ.”

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಇಲ್ಲಿ ಸೇರಿದರು, ಈಗ ಏಳು ವರ್ಷ. ಚಳಿಗಾಲದಲ್ಲಿ ವಾರಕ್ಕೆ ಐದಾರು ಮಕ್ಕಳು ಬರುತ್ತಾರೆ. ಅಂಗೈ ಲೆಕ್ಕ ಕಲಿಸಿದ್ದು ಡಾಕ್ಟರೇ. ಆದರೆ ನೋವಿನಲ್ಲಿ ಅಳುವ ಮಗುವಿನ ಕೈಯನ್ನು ಅದರದೇ ಬೆನ್ನಿಗೆ ಒಯ್ಯುವುದು ಹೇಗೆ? ಎಕ್ಸ್‌ರೇ ಹಾಳೆಯ ಉಪಾಯ ಆದೆಮ್ಮನದು. ಅಕ್ಷರ ಬಾರದ ಈಕೆಯ ಮುಂದೆ ಪತ್ರಿಕೆಗೆ ಬರೆಯಲೆಂದು ನೋಟ್‌ಬುಕ್ ಹಿಡಿದು ಕೂತ ನನಗೆ ಸ್ವಲ್ಪ ನಾಚಿಕೆ, ಬಹಳ ಖುಷಿ.

ಹತ್ತು ಗಂಟೆಗೆ ಯಮನೂರಪ್ಪ ಅಳುಕುತ್ತ ಬರುತ್ತಾನೆ. “ಯವ್ವಾ, ಕೂಸು ಹಾಸಿಗಿ ತೋಯಿಸ್ಯದ.”

ಆದೆಮ್ಮ ಓಡಿ ಹೋಗಿ ಒದ್ದೆ ಬಟ್ಟೆ ಮುಟ್ಟಿ ನೋಡುತ್ತಾರೆ. ಕಣ್ಣು ತುಂಬಿದೆ, ಮುಖದಲ್ಲಿ ನಗು. “ತೋಯಿಸ್ಲಿ ಬಿಡಪ್ಪ. ಉಚ್ಚಿ ಬಂತಂದ್ರ ಕೊಟ್ಟ ನೀರು ಮೈಗೆ ಹತ್ತಾಕತ್ತದ. ಇನ್ನ ಹೆದರಬ್ಯಾಡ.”

ಫೋಟೋ ತೆಗೆಯಲೇ ಎಂದರೆ ಸೆರಗು ಅಡ್ಡ ಹಿಡಿಯುತ್ತಾರೆ.

“ನನ್ನ ಹೆಸರು ಬಿಟ್ರೂ ನಡೀತದ್ರಿ. ಮಾನ್ವಿ, ದೇವದುರ್ಗದಾಗ ನಿಮ್ಮ ಪೇಪರ್ ಓದ್ತಾರಲ್ಲ, ಕೂಸಿಗೆ ಕೂಸಿನ ಕೈ ಇಟ್ಟು ಅಳೀರಿ ಅಂತ ದಪ್ಪ ಅಕ್ಷರದಾಗ ಹಾಕ್ರಿ. ಅಷ್ಟು ಸಾಕು.”