ಎದುರು ಮನೆಯ ತಮ್ಮ ಮರೆಯತೊಡಗಿದಾಗ

ಮೊನ್ನೆ ಇಸ್ತ್ರಿ ಪೆಟ್ಟಿಗೆಯಡಿ ಒಂದು ಅಂಗಿಯ ಕಾಲರು ಸೀದುಹೋಯಿತು. ಆ ವಾಸನೆಗೆ ಎದುರು ಮನೆಯ ಅಕ್ಕನ ತಮ್ಮ ನೆನಪಾದ… ಅವನನ್ನು ಬೈಯುತ್ತ ಮೈಮರೆತು ಹಿಂದೊಮ್ಮೆ ನಾನು ಸುಟ್ಟ ಅಂಗಿಯದೂ ಇದೇ ವಾಸನೆ.

ಅವನಿಗೆ ಡೌನ್ ಸಿಂಡ್ರೋಮ್ ಇತ್ತು. ನಲವತ್ತು ದಾಟಿದ್ದರೂ ಓಣಿಗೆಲ್ಲ ಅವನು ತಮ್ಮನೇ. ಗಂಗಾವತಿಯ ನನ್ನ ಇಸ್ತ್ರಿ ಅಂಗಡಿಗೆ ದಿನಾ ಬಂದು ಬಟ್ಟೆ ಮಡಚಿ, ಗಂಟು ಕಟ್ಟಿ, ಮನೆಮನೆಗೆ ಮುಟ್ಟಿಸುತ್ತಿದ್ದ. ಓದಲು ಬರುತ್ತಿರಲಿಲ್ಲ, ಯಾವ ಅಂಗಿ ಯಾರದೆಂದು ಗುಂಡಿ ನೋಡಿಯೇ ಹೇಳುತ್ತಿದ್ದ. ಹನ್ನೆರಡು ವರ್ಷ ಒಂದು ಗಂಟೂ ತಪ್ಪಿರಲಿಲ್ಲ.

ಆಮೇಲೆ ತಪ್ಪತೊಡಗಿತು. ಮಾಸ್ತರರ ಧೋತರ ದರ್ಜಿ ಸಾಹೇಬರ ಮನೆ ಸೇರಿತು. ಮಡಚುತ್ತ ಮಡಚುತ್ತ ಅರ್ಧಕ್ಕೆ ನಿಂತು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಅಂಗಡಿ ಮುಂದಿನ ಸಣ್ಣ ಗಟಾರ ದಾಟಲು ಹೆದರುತ್ತಿದ್ದ. ಗಿರಾಕಿಗಳ ಎದುರಿಗೇ, "ಸೊಕ್ಕು ಬಂದೈತಿ ನಿನಗ" ಅನ್ನುತ್ತಿದ್ದೆ. ಒಂದು ದಿನ ತೋಳು ಹಿಡಿದು ಹೊರಗೆ ನೂಕಿ, ಇನ್ನು ಬರಬೇಡ ಎಂದೆ. ಮರುದಿನವೂ ಬಂದ. ಗಟಾರದ ಆಚೆ ಮಧ್ಯಾಹ್ನದವರೆಗೆ ನಿಂತಿದ್ದ… ನಾನು ಕರೆಯಲಿಲ್ಲ.

ಕೆಲವು ದಿನಕ್ಕೆ ಅಕ್ಕ ಬಂದರು. ನಾನು ನೂಕಿದ್ದು ಅವರಿಗೆ ಗೊತ್ತಿರಲಿಲ್ಲ. ಮನೆಯಲ್ಲೂ ಮಂಕಾಗಿದ್ದ ತಮ್ಮನನ್ನು ಕೊಪ್ಪಳದಲ್ಲಿ ಡಾಕ್ಟರಿಗೆ ತೋರಿಸಿದ್ದರಂತೆ.

"ಅಣ್ಣಾರ, ಇಂಥವರಿಗೆ ಮರೆವಿನ ಬ್ಯಾನಿ ಭಾಳ ಲಗೂ, ನಲವತ್ತಕ್ಕನ ಬರಬಹುದಂತ್ರಿ. ಮೊದಲ ಏನೇನ್ ಮಾಡ್ತಿದ್ದ, ಈಗ ಏನ್ ಬಿಟ್ಟಾನ ಅಂತ ಕೇಳ್ಯಾರ. ಅಂಗಡ್ಯಾಗ ಏನರ ಫರಕ್ ಕಂಡಿತ್ತೇನ್ರಿ?"

ಒಂದು ವರ್ಷದ ಫರಕು ನನ್ನ ಕಣ್ಣ ಮುಂದಿತ್ತು. ಹೇಳಿದರೆ ನೂಕಿದ್ದನ್ನೂ ಹೇಳಬೇಕಿತ್ತು.

"ಏನಿಲ್ಲಕ್ಕಾರ, ಅವ ಮೊದಲಿಂದ ಹಂಗ ಅದಾನಲ್ರಿ" ಎಂದೆ.

ಅಕ್ಕ ನಂಬಿದರು. ಹಾಗಾದರೆ ಇದು ಬರೀ ಹಟ ಎಂದುಕೊಂಡು ಮತ್ತೆ ಕೊಪ್ಪಳಕ್ಕೆ ಹೋಗಲಿಲ್ಲ. "ಒಂದು ಗುಂಡಿ ಹಾಕ್ಕೊಳಾಕ ಏನ್ ಧಾಡಿ ನಿನಗ?" ಎಂದು ಅವರು ಗದರುವುದು ನನ್ನ ಅಂಗಡಿಗೆ ಕೇಳಿಸುತ್ತಿತ್ತು. ಆರು ತಿಂಗಳು ಕೇಳಿಸಿಕೊಂಡು ಸುಮ್ಮನಿದ್ದೆ.

ತನ್ನ ಮನೆಯ ಬಾಗಿಲಲ್ಲೇ ನಿಂತು, ಮನೆ ಎಲ್ಲಿ ಎಂದು ಅವನು ಅತ್ತ ದಿನ ಹೋಗಿ ಎಲ್ಲ ಹೇಳಿದೆ. ನೂಕಿದ್ದನ್ನೂ.

"ಅದು ಗುಣ ಆಗೂ ಬ್ಯಾನಿ ಅಲ್ಲಂತ್ರಿ" ಎಂದರು ಅಕ್ಕ. "ಆದ್ರ ಗೊತ್ತಿದ್ದಿದ್ರ, ನಾ ಅವನ್ನ ಬೈತಿರಲಿಲ್ಲ."

ಅವನು ತೀರಿಹೋಗಿ ಎರಡು ವರ್ಷವಾಯಿತು. ಅಕ್ಕ ಈಗಲೂ ಸೀರೆಗಳನ್ನು ನನ್ನಲ್ಲಿಗೇ ತರುತ್ತಾರೆ, "ಆರಾಮ ಅದೀರೇನ್ರಿ" ಎಂದು ಕೇಳುತ್ತಾರೆ. ಬೇರೆ ಅಂಗಡಿಗೆ ಹೋಗಿದ್ದರೆ ನನಗೆ ಹಗುರಾಗುತ್ತಿತ್ತೇನೋ…